ಜಾತ್ರೆ, ಹಬ್ಬ, ಅಮಾವಾಸ್ಯೆ: ಕನ್ನಡ ಸತ್ಯವೇದದಲ್ಲಿ ದಿನಗಳ ಅರ್ಥವಿಚಾರ

ಕ್ರೈಸ್ತರಿಗೆ ಹಬ್ಬಗಳುಂಟೇ, ಉಂಟಾದರೆ ಅವುಗಳಿಗೆ ಬೈಬಲ್ಲಿನಲ್ಲಿ ಆಧಾರವೆಷ್ಟು, ಆಧಾರವಿಲ್ಲದ ಹಬ್ಬವನ್ನು ಆಚರಿಸಿದರೆ ಸತ್ಯಕ್ಕೆ ಎರವಾದಂತಾಗುವುದೇ ಎಂಬ ಪ್ರಶ್ನೆಗಳು ಪಾಶ್ಚಾತ್ಯ ಕ್ರೈಸ್ತಜಗತ್ತಿನಲ್ಲಿ ಬಹುಕಾಲದಿಂದ ಚರ್ಚಿಸಲ್ಪಡುತ್ತ ಬಂದಿವೆ. ಇಂಗ್ಲೆಂಡಿನ ಪಾರ್ಲಿಮೆಂಟು ೧೬೪೭ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದುಪಡಿಸಿತು. ಅಮೇರಿಕೆಯ ಮ್ಯಾಸಚೂಸೆಟ್ಸಿನಲ್ಲಿ ೧೬೫೯ರಿಂದ ೧೬೮೧ರ ವರೆಗೆ ಅದನ್ನು ಆಚರಿಸಿದವರು ಐದು ಶಿಲಿಂಗ್ ದಂಡ ತೆರಬೇಕಾಗಿತ್ತು. ಸ್ಕಾಟ್ಲೆಂಡಿನಲ್ಲಿ ಆ ದಿನ ಸಾರ್ವತ್ರಿಕ ರಜೆಯಾದದ್ದು ೧೯೫೮ರಲ್ಲಿ. ಹಾಗೆ ನಿಷೇಧಿಸಿದವರು ನಾಸ್ತಿಕರಾಗಿರಲಿಲ್ಲ. ಶಾಸ್ತ್ರದಲ್ಲಿ ವಿಧಿಸದ ದಿನವನ್ನು ಪವಿತ್ರವೆಂದು ಎಣಿಸುವುದು ಮನುಷ್ಯಕಲ್ಪನೆಯನ್ನು ದೇವವಾಕ್ಯದ ಸಮಕ್ಕೆ ಏರಿಸಿದಂತೆ ಎಂಬುದು ಅವರ ವಾದವಾಗಿತ್ತು. ಕನ್ನಡದಲ್ಲಿ ಈ ಚರ್ಚೆಯು ಬಹುಮಟ್ಟಿಗೆ ಉಪದೇಶಪೀಠಕ್ಕೂ ಕರಪತ್ರಗಳಿಗೂ ಸೀಮಿತವಾಗಿ ಉಳಿದಿದೆ. ಆದರೆ ಕನ್ನಡ ಬೈಬಲ್ಲು ನಮ್ಮ ಗದ್ಯಸಾಹಿತ್ಯದ ಒಂದು ಮುಖ್ಯ ಕೃತಿ. ಅದರಲ್ಲಿ ದಿನಗಳನ್ನು ಕುರಿತ ಮಾತುಗಳು ಯಾವ ಕನ್ನಡ ಶಬ್ದಗಳನ್ನು ಧರಿಸಿ ಬಂದಿವೆ, ಆ ಶಬ್ದಗಳು ಓದುಗನನ್ನು ಎತ್ತ ಒಯ್ಯುತ್ತವೆ ಎಂಬುದು ಸಾಹಿತ್ಯವಿಮರ್ಶೆಯ ವಿಷಯವೂ ಹೌದು. ಪ್ರಕೃತ ಲೇಖನದ ಉದ್ದೇಶ ಅಷ್ಟೇ.

ವಿಜಯಪುರದ ಗಾಂಧಿ ಚೌಕದಲ್ಲಿ ವರ್ಷಾಂತ್ಯಕ್ಕೆ ಮಾರಾಟಕ್ಕೆ ಬರುವ ಯಾವುದೊಂದು ಗೋಡೆಯ ಪಂಚಾಂಗವನ್ನು ತೆರೆದು ನೋಡಿದರೂ ಈ ವಿಷಯದ ಜಟಿಲತೆ ಕಣ್ಣಿಗೆ ಕಟ್ಟುವಂತಿದೆ. ಸೌರಮಾನದ ಸಂಕ್ರಾಂತಿ, ಅಂದಿನ ಸಿದ್ಧೇಶ್ವರನ ಜಾತ್ರೆ. ಚಾಂದ್ರಮಾನದ ಯುಗಾದಿ, ಎಳ್ಳ ಅಮಾವಾಸ್ಯೆ. ಹಿಜರಿ ಶಕೆಯ ರಮಜಾನ್, ಬಕ್ರೀದ್. ಗ್ರೆಗರಿ ಪಂಚಾಂಗದ ಗಾಂಧಿ ಜಯಂತಿ, ಕ್ರಿಸ್ಮಸ್: ಇವೆಲ್ಲವೂ ಒಂದೇ ಹಾಳೆಯ ಮೇಲೆ ಒಂದೇ ಕೆಂಪು ಮಸಿಯಲ್ಲಿ ಅಚ್ಚಾಗಿರುತ್ತವೆ. ೨೦೧೯ರ ಡಿಸೆಂಬರಿನಲ್ಲಂತೂ ಮಾರ್ಗಶಿರ ಅಮಾವಾಸ್ಯೆಯ ತಿಥಿಯು ೨೫, ೨೬ನೆಯ ದಿನಾಂಕಗಳನ್ನು ವ್ಯಾಪಿಸಿ, ಕ್ರಿಸ್ಮಸ್ಸೂ ಎಳ್ಳ ಅಮಾವಾಸ್ಯೆಯೂ ಸೂರ್ಯಗ್ರಹಣವೂ ಒಂದರ ಬೆನ್ನಿಗೊಂದು ಕೂಡಿ ಬಂದಿದ್ದವು. ಸರಕಾರಿ ಕಚೇರಿಗೆ ಇವೆಲ್ಲ ‘ರಜೆ’, ನಮ್ಮ ಭಾಗದ ಶಾಲಾ ಬಾಲಕನಿಗೆ ‘ಸೂಟಿ’. ಬೈಬಲ್ಲನ್ನು ಓದುವ ಕನ್ನಡಿಗನು ಈ ಹಾಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದುತ್ತಾನೆ. ಅದನ್ನು ಬದಿಗಿರಿಸಿ ಓದೆಂದು ಅವನಿಗೆ ಹೇಳುವುದು ಸುಲಭ, ಅವನು ಹಾಗೆ ಓದುವುದು ಅಶಕ್ಯ.

ಮೊದಲು ಗ್ರಂಥದ ಹೆಸರನ್ನೇ ನೋಡೋಣ. ‘ಬೈಬಲ್’ ಎಂಬುದರ ಗ್ರೀಕ್ ಮೂಲಕ್ಕೆ ‘ಪುಸ್ತಕಗಳು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಕನ್ನಡದ ಪ್ರೊಟೆಸ್ಟಂಟ್ ಪರಂಪರೆಯಲ್ಲಿ ಅದು ‘ಸತ್ಯವೇದ’ವಾಯಿತು, ಕಥೋಲಿಕರಲ್ಲಿ ‘ಪವಿತ್ರ ಬೈಬಲ್’, ‘ಶ್ರೀಗ್ರಂಥ’ ಎಂಬ ಹೆಸರುಗಳು ಬಳಕೆಯಲ್ಲಿವೆ. ‘ಸತ್ಯವೇದ’ವೆಂಬ ಸಮಾಸದಲ್ಲಿ ಒಂದು ವಾದವೇ ಅಡಗಿದೆ. ಬೇರೆ ವೇದಗಳುಂಟು, ಅವು ಅಸತ್ಯ, ಇದು ಸತ್ಯವೆಂಬ ಧ್ವನಿ ಆ ವಿಶೇಷಣದಿಂದ ಹೊರಡದೆ ಇರದು. ಇನ್ನೊಂದು ಪರಿಣಾಮ ಇದಕ್ಕಿಂತ ಸೂಕ್ಷ್ಮವಾದುದು. ವೇದವೆಂದೊಡನೆ ಅಪೌರುಷೇಯತ್ವ, ಅಕ್ಷರಾಕ್ಷರ ಪ್ರಾಮಾಣ್ಯ ಮುಂತಾದ ಭಾವನೆಗಳು ಕನ್ನಡಿಗನ ಮನಸ್ಸಿಗೆ ಬರುತ್ತವೆ. ಹಿಬ್ರೂ ಭಾಷೆಯಲ್ಲಿ ಸತ್ಯಕ್ಕೆ ಇರುವ ‘ಎಮೆತ್’ ಎಂಬ ಶಬ್ದದ ಧಾತು ಸ್ಥಿರತೆ, ನಂಬಿಕೆಗೆ ಅರ್ಹತೆ ಎಂಬ ಅರ್ಥಗಳದು. ಕೊಟ್ಟ ಮಾತಿಗೆ ತಪ್ಪದಿರುವುದು ಅಲ್ಲಿ ಸತ್ಯ. ನಮ್ಮ ‘ನಿಜ’, ‘ದಿಟ’ಗಳಿಗಿಂತ ‘ನೆಚ್ಚು’ ಎಂಬ ಹಳೆಯ ಶಬ್ದವು ಅದಕ್ಕೆ ಹತ್ತಿರದ್ದು. ಒಂದು ಹಬ್ಬ ಸತ್ಯವೋ ಅಸತ್ಯವೋ ಎಂದು ಕೇಳುವವನು ಈ ಎರಡರಲ್ಲಿ ಯಾವ ಸತ್ಯವನ್ನು ಅಪೇಕ್ಷಿಸುತ್ತಾನೆಂಬುದನ್ನು ಮೊದಲು ಹೇಳಬೇಕು.

ಇನ್ನು ಭಾಷಾಂತರದ ಮಾತು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಪ್ರಾರಂಭಿಸಿದ ಕಾರ್ಯದಿಂದ ಸಮಗ್ರ ಕನ್ನಡ ಬೈಬಲ್ಲು ೧೮೩೧ರಲ್ಲಿ ಹೊರಬಂದಿತು. ಆಮೇಲೆ ಬಾಸೆಲ್ ಮಿಶನ್ನಿನ ವೈಗಲ್ ಮೊದಲಾದವರು ಅದನ್ನು ಪರಿಷ್ಕರಿಸಿದರು. ಇಪ್ಪತ್ತನೆಯ ಶತಮಾನದಲ್ಲಿಯೂ ಪರಿಷ್ಕರಣ ಮುಂದುವರಿಯಿತು. ಆ ಪರಂಪರೆಯಿಂದ ಬಂದು ಇಂದಿಗೂ ಸಭೆಗಳಲ್ಲಿ ಓದಲ್ಪಡುತ್ತಿರುವ ಹಳೆಯ ಶೈಲಿಯ ಪಾಠವೇ ಇಲ್ಲಿ ನಮ್ಮ ವಿಚಾರಕ್ಕೆ ಆಧಾರ.

ಈ ಪಾಠದ ಅತ್ಯುತ್ತಮ ಶಬ್ದನಿರ್ಣಯಗಳಲ್ಲಿ ‘ಜಾತ್ರೆ’ ಒಂದು. ಇಸ್ರಾಯೇಲರು ವರ್ಷಕ್ಕೆ ಮೂರು ಸಲ ದೇವಸನ್ನಿಧಿಗೆ ನೆರೆಯಬೇಕಾಗಿದ್ದ ಮಹೋತ್ಸವಗಳಿಗೆ ಹಿಬ್ರೂವಿನಲ್ಲಿ ‘ಹಗ್’ ಎಂದು ಹೆಸರು. ಅರಬ್ಬಿಯ ‘ಹಜ್’ ಎಂಬುದು ಇದರ ಸೋದರಶಬ್ದ. ಊರು ಬಿಟ್ಟು ಪುಣ್ಯಸ್ಥಳಕ್ಕೆ ಹೋಗುವುದು, ಬಂಧುಬಳಗದೊಡನೆ ನೆರೆಯುವುದು, ಅರ್ಪಿಸಿ ಉಣ್ಣುವುದು, ಇವೆಲ್ಲ ಅದರ ಅರ್ಥದಲ್ಲಿ ಸೇರಿವೆ. ಇಂಗ್ಲಿಷಿನ ಭಾಷಾಂತರಕಾರರು ಇದಕ್ಕೆ ಔತಣವೆಂಬ ಅರ್ಥದ ಶಬ್ದವನ್ನು ಬಳಸಿ ಪ್ರಯಾಣದ ಅಂಶವನ್ನು ಪೂರ್ತಿಯಾಗಿ ಕಳೆದುಕೊಂಡರು. ಕನ್ನಡದವರು ‘ಪರ್ಣಶಾಲೆಗಳ ಜಾತ್ರೆ’ ಎಂದರು. ‘ಯಾತ್ರಾ’ ಶಬ್ದದ ತದ್ಭವವಾದ ಜಾತ್ರೆಯಲ್ಲಿ ನಡೆದು ಹೋಗುವ ಅರ್ಥ ಇನ್ನೂ ಜೀವಂತವಾಗಿದೆ. ಎಲೆಚಪ್ಪರಗಳಲ್ಲಿ ಏಳು ದಿನ ತಂಗಿ ಸುಗ್ಗಿಯ ಸಂತೋಷವನ್ನು ಅನುಭವಿಸುವ ಆ ಉತ್ಸವವನ್ನು, ಸಂಕ್ರಾಂತಿಗೆ ಚಕ್ಕಡಿ ಕಟ್ಟಿ ಸಿದ್ಧೇಶ್ವರನ ಜಾತ್ರೆಗೆ ಬಂದು ಬಿಡಾರ ಹೂಡುತ್ತಿದ್ದ ಒಕ್ಕಲಿಗನಿಗೆ ಯಾವ ಅಡಿಟಿಪ್ಪಣಿಯೂ ಇಲ್ಲದೆ ತಿಳಿಸಬಹುದು. ಯೇಸುವು ಹನ್ನೆರಡನೆಯ ವಯಸ್ಸಿನಲ್ಲಿ ತಂದೆತಾಯಿಗಳ ಸಂಗಡ ಯೆರೂಸಲೇಮಿಗೆ ಹೋಗಿ ಹಿಂದೆ ಉಳಿದುಬಿಟ್ಟ ಪ್ರಸಂಗವು ಲೂಕನಲ್ಲಿದೆ. ಒಂದು ದಿನದ ದಾರಿಯ ವರೆಗೂ ಮಗ ಕಾಣದಿದ್ದುದು ತಿಳಿಯದೆ ಹೋದುದು ಹೇಗೆಂದು ಪಾಶ್ಚಾತ್ಯ ವ್ಯಾಖ್ಯಾನಕಾರರು ವಿವರಣೆ ಕೊಡುತ್ತಾರೆ. ಜಾತ್ರೆಯಿಂದ ಗುಂಪುಗುಂಪಾಗಿ ಊರಿಗೆ ಮರಳುವ ಜನವನ್ನು ಬಲ್ಲ ನಮಗೆ ಆ ವಿವರಣೆ ಬೇಕಾಗುವುದಿಲ್ಲ. ಅರ್ಥವಿವರಣೆಯ ಕಾರ್ಯವನ್ನು ಒಂದು ಶಬ್ದವೇ ಮಾಡಿ ಮುಗಿಸಿದ ಉದಾಹರಣೆ ಇದು.

‘ಅಮಾವಾಸ್ಯೆ’ಯ ವಿಷಯ ಹಾಗಲ್ಲ. ಹಿಬ್ರೂವಿನ ‘ಹೋದೆಶ್’ ಎಂಬುದು ‘ಹೊಸದು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಶಬ್ದ. ಪಡುವಣದಲ್ಲಿ ಮೊದಲ ಚಂದ್ರರೇಖೆ ಕಂಡ ದಿನ, ತಿಂಗಳ ಮೊದಲ ದಿನ. ನಮ್ಮ ಅಮಾಂತ ಪಂಚಾಂಗದಲ್ಲಿ ಅಮಾವಾಸ್ಯೆಯು ತಿಂಗಳ ಕೊನೆಯ ದಿನ. ಚಂದ್ರನು ಕಾಣದ ದಿನ. ಮೂಲದಲ್ಲಿ ಬೆಳಕು ಹುಟ್ಟುವ ದಿನವಾದುದು ಕನ್ನಡದಲ್ಲಿ ಬೆಳಕು ಅಡಗುವ ದಿನವಾಯಿತು. ಇಂಗ್ಲಿಷಿನಲ್ಲಿ ‘ಹೊಸ ಚಂದ್ರ’ವೆಂಬ ಒಂದೇ ಮಾತು ಖಗೋಳಗಣಿತದ ಅಮಾವಾಸ್ಯೆಗೂ ಕಣ್ಣಿಗೆ ಕಾಣುವ ಎಳೆಯ ಚಂದ್ರನಿಗೂ ಸಲ್ಲುವುದರಿಂದ ಈ ಪ್ರಮಾದವು ಆ ಮಾರ್ಗದಿಂದ ಬಂದಿರಬಹುದು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾಗದು. ವಿಜಯಪುರದ ಜನರಲ್ಲಿ ಹಿಬ್ರೂವಿನ ಈ ಹಬ್ಬಕ್ಕೆ ಅತ್ಯಂತ ಸಮೀಪವಾದ ಅನುಭವವುಳ್ಳವರು ರಮಜಾನಿನ ಕೊನೆಯ ಸಂಜೆ ಮಾಳಿಗೆ ಏರಿ ಪಡುವಣವನ್ನು ದಿಟ್ಟಿಸುವ ಮುಸಲ್ಮಾನರು. ಸೌಲನ ಮೇಜಿನಲ್ಲಿ ದಾವೀದನ ಸ್ಥಳವು ಬರಿದಾಗಿದ್ದ ಆ ಉತ್ಸವದ ಭೋಜನವನ್ನು ‘ಅಮಾವಾಸ್ಯೆ’ಯ ಊಟವೆಂದು ಓದುವ ಕನ್ನಡಿಗನಿಗಿಂತ ‘ಚಾಂದ್’ ಕಂಡೊಡನೆ ಹಬ್ಬ ಹೂಡುವ ಅವನ ನೆರೆಯವನಿಗೆ ಆ ಕಥೆಯ ಕಾಲಮಾನ ಚೆನ್ನಾಗಿ ತಿಳಿದೀತು.

ಇದು ಕೇವಲ ಪಂಚಾಂಗದ ಸೂಕ್ಷ್ಮವೆಂದು ಯಾರಾದರೂ ಹೇಳಿದರೆ ಅವರು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದಬೇಕು. ಊಟ ಪಾನಗಳ ಕಾರಣದಿಂದಾಗಲಿ ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ಕಾರಣದಿಂದಾಗಲಿ ಯಾರೂ ನಿಮ್ಮ ಮೇಲೆ ದೋಷ ಹೊರಿಸದಿರಲಿ ಎಂಬುದು ಅಲ್ಲಿಯ ತಾತ್ಪರ್ಯ. ಸಬ್ಬತ್ ಎಂಬುದನ್ನು ಭಾಷಾಂತರಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದು ಯೆಹೂದ್ಯರ ಸಂಗತಿಯೆಂದು ಓದುಗನಿಗೆ ತಿಳಿಯುತ್ತದೆ. ಅದರ ಪಕ್ಕದಲ್ಲಿಯೇ ಇರುವ ಅಮಾವಾಸ್ಯೆಯು ಮಾತ್ರ ನಮ್ಮ ಮನೆಯದು. ಟಿಕೋಟ, ಬಬಲೇಶ್ವರ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಎದ್ದು ನಿಂತಾಗ ಬರುವ ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ನೆರೆಹೊರೆಯವರನ್ನು ಕರೆದು ಉಣ್ಣುವುದು ಸಂಪ್ರದಾಯ. ಒಕ್ಕಲುತನದ ಕ್ರೈಸ್ತ ಕುಟುಂಬಕ್ಕೆ ಇಲ್ಲಿ ನಿಜವಾದ ತೊಡಕುಂಟು. ಬಂಧುಗಳು ಸಭೆಯ ಹೊರಗಿದ್ದಾರೆ, ಬದುವು ಕೂಡಿದ ಹೊಲದವರು ಕರೆಯುತ್ತಾರೆ, ಹೋಗಿ ಉಣ್ಣಬಹುದೇ? ಗುಳೇದಗುಡ್ಡ, ಬೆಟಗೇರಿ, ವಿಜಯಪುರಗಳಲ್ಲಿ ಠಾಣೆಗಳನ್ನು ಹೊಂದಿದ್ದ ಬಾಸೆಲ್ ಮಿಶನ್ನಿನ ಸಭಾಶಿಸ್ತು ಅನ್ಯಧರ್ಮದ ಹಬ್ಬಗಳಲ್ಲಿ ಭಾಗವಹಿಸುವುದನ್ನು ನಿಷೇಧಿಸಿತ್ತು. ಕನ್ನಡ ಪಾಠವನ್ನು ಮುಂದಿಟ್ಟುಕೊಂಡು ಒಬ್ಬನು, ಅಮಾವಾಸ್ಯೆಯ ವಿಷಯದಲ್ಲಿ ದೋಷ ಹೊರಿಸಬೇಡಿರೆಂದು ಅಪೊಸ್ತಲನೇ ಅಪ್ಪಣೆ ಕೊಟ್ಟಿದ್ದಾನಲ್ಲ ಎನ್ನಬಹುದು. ಇನ್ನೊಬ್ಬನು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ತೆರೆದು, ದಿನ, ತಿಂಗಳು, ಕಾಲ, ವರ್ಷಗಳನ್ನು ಆಚರಿಸುವವರನ್ನು ಅಲ್ಲಿ ಖಂಡಿಸಿದೆಯಲ್ಲ ಎನ್ನಬಹುದು. ಇಬ್ಬರೂ ಸತ್ಯವೇದವನ್ನೇ ಹಿಡಿದು ನಿಂತಿದ್ದಾರೆ.

ನಮ್ಮ ಅಭಿಮತದಲ್ಲಿ ಇಬ್ಬರೂ ತಪ್ಪಾದ ಪುಟವನ್ನು ತೆರೆದಿದ್ದಾರೆ. ಕೊಲೊಸ್ಸೆಯ ವಾಕ್ಯದಲ್ಲಿರುವ ಹಬ್ಬ, ಚಂದ್ರದಿನ, ಸಬ್ಬತ್ತುಗಳ ತ್ರಿಕವು ಹಳೆಯ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುವ ಯೆಹೂದ್ಯ ಉತ್ಸವಗಳ ರೂಢಿಯ ಪಟ್ಟಿ. ಅದಕ್ಕೂ ಬೇಸಾಯದ ಅಮಾವಾಸ್ಯೆಗೂ ಸಂಬಂಧವಿಲ್ಲ. ಗಲಾತ್ಯದ ಪತ್ರಿಕೆಯ ಕಾಠಿಣ್ಯಕ್ಕೂ ಕಾರಣವುಂಟು: ಸುನ್ನತಿ, ದಿನಾಚರಣೆಗಳನ್ನು ಅನ್ಯಜನಾಂಗದ ವಿಶ್ವಾಸಿಗಳ ಮೇಲೆ ರಕ್ಷಣೆಯ ಕರಾರಾಗಿ ಹೇರುತ್ತಿದ್ದವರಿಗೆ ಅದು ಉತ್ತರ. ಅದೇ ಪೌಲನು ರೋಮಾಪುರದವರಿಗೆ ಬರೆಯುವಾಗ, ಒಬ್ಬನು ಒಂದು ದಿನವನ್ನು ಹೆಚ್ಚೆಂದೆಣಿಸಲಿ, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮವೆಂದೆಣಿಸಲಿ, ಪ್ರತಿಯೊಬ್ಬನ ಮನಸ್ಸಿನಲ್ಲಿ ನಿಶ್ಚಯವಿರಲಿ ಎಂಬ ಧಾಟಿಯಲ್ಲಿ ಸೌಮ್ಯವಾಗಿ ಮಾತಾಡುತ್ತಾನೆ. ಎಳ್ಳ ಅಮಾವಾಸ್ಯೆಯ ಪ್ರಶ್ನೆಗೆ ಹೊಂದುವ ಸ್ಥಳವು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯ. ಅವಿಶ್ವಾಸಿಯು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ವಿಚಾರಿಸದೆ ಉಣ್ಣಬಹುದು. ಇದು ನೈವೇದ್ಯವೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಉಣ್ಣಬಾರದು ಎಂದು ಅಲ್ಲಿ ಹೇಳಿದೆ. ಬದುವಿನ ಮೇಲೆ ಕುಳಿತು ಉಣ್ಣುವವನ ಇಕ್ಕಟ್ಟನ್ನು ಇದಕ್ಕಿಂತ ನೇರವಾಗಿ ಮುಟ್ಟುವ ಮಾತು ಹೊಸ ಒಡಂಬಡಿಕೆಯಲ್ಲಿಲ್ಲ. ಆ ಉತ್ತರವು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ಪೂಜೆಯನ್ನು ಕಣ್ಣಾರೆ ಕಂಡ ಮೇಲೆ ಯಾರೂ ತಿಳಿಸಲಿಲ್ಲವೆನ್ನುವುದು ಹೇಗೆಂಬ ಆಕ್ಷೇಪಕ್ಕೆ ಬಲವುಂಟು. ಆದರೆ ಚರ್ಚೆ ನಡೆಯಬೇಕಾದ ಸ್ಥಳವು ಅದು. ಒಂದು ಶಬ್ದದ ಸಾಮ್ಯವು ಓದುಗನನ್ನು ಅಲ್ಲಿಂದ ಬೇರೆಡೆಗೆ ಸೆಳೆದುಬಿಟ್ಟಿದೆ.

ಈಗ ಕ್ರಿಸ್ಮಸ್ಸಿನ ಸತ್ಯಾಸತ್ಯತೆಗೆ ಬರೋಣ. ಸುವಾರ್ತೆಗಳಲ್ಲಿ ಯೇಸುವಿನ ಜನ್ಮದಿನ ಹೇಳಿಲ್ಲ. ವರ್ಷದ ಲೆಕ್ಕವೂ ಸರಳವಲ್ಲ: ಮತ್ತಾಯನು ಹೇಳುವ ಹೆರೋದನು ಕ್ರಿಸ್ತಪೂರ್ವ ೪ರಲ್ಲಿ ತೀರಿಕೊಂಡನೆಂದು ಬಹುಮಂದಿ ಇತಿಹಾಸಕಾರರು ಎಣಿಸುತ್ತಾರೆ, ಲೂಕನು ಹೆಸರಿಸುವ ಕುರೇನ್ಯನ ಕಾಲದ ಖಾನೇಷುಮಾರಿಯು ಇತರ ಆಧಾರಗಳಂತೆ ಕ್ರಿಸ್ತಶಕ ೬ರದು. ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಸುಮಾರು ೨೦೦ರಲ್ಲಿ ಬರೆಯುವಾಗ ಜನ್ಮದಿನದ ಬಗ್ಗೆ ಬೇರೆ ಬೇರೆ ಎಣಿಕೆಗಳಿದ್ದುದನ್ನು ಹೇಳುತ್ತಾನೆ. ಡಿಸೆಂಬರ್ ೨೫ ಅವುಗಳಲ್ಲಿಲ್ಲ. ರೋಮಿನಲ್ಲಿ ಆ ದಿನವನ್ನು ನಿಶ್ಚಿತವಾಗಿ ಹೇಳುವ ಅತ್ಯಂತ ಹಳೆಯ ಆಧಾರವು ೩೫೪ರ ಒಂದು ಪಂಚಾಂಗಸಂಕಲನ. ಔರೇಲಿಯನ್ ಚಕ್ರವರ್ತಿಯು ೨೭೪ರಲ್ಲಿ ಪ್ರತಿಷ್ಠಿಸಿದ ಅಜೇಯ ಸೂರ್ಯನ ಆರಾಧನೆಯಿಂದ ಈ ದಿನ ಬಂದಿತೆಂಬುದು ಒಂದು ಪಕ್ಷ; ಮಾರ್ಚ್ ೨೫ರಂದು ಗರ್ಭಧಾರಣೆಯಾಯಿತೆಂಬ ಎಣಿಕೆಗೆ ಒಂಬತ್ತು ತಿಂಗಳು ಕೂಡಿಸಿ ಇದನ್ನು ಪಡೆದರೆಂಬುದು ಇನ್ನೊಂದು ಪಕ್ಷ. ಎರಡಕ್ಕೂ ವಿದ್ವಾಂಸರ ಬೆಂಬಲವಿದೆ. ಚಳಿಗಾಲದಲ್ಲಿ ಕುರುಬರು ಬಯಲಿನಲ್ಲಿ ಇರುಳು ಕಳೆಯುವುದು ಸಂಭವವೇ ಎಂಬ ಆಕ್ಷೇಪವನ್ನೂ ಕೆಲವರು ಎತ್ತುತ್ತಾರೆ. ಡೋಣಿಯ ಸೀಮೆಯಲ್ಲಿ ಕಂಬಳಿ ಹೊದ್ದು ಕುರಿಹಟ್ಟಿಯ ಪಕ್ಕದಲ್ಲಿ ಮಲಗುವವರನ್ನು ಕಂಡವರಿಗೆ ಆ ಆಕ್ಷೇಪವು ಅಷ್ಟು ದೊಡ್ಡದೆನಿಸದು. ಆದರೆ ಬೆತ್ಲೆಹೇಮಿನ ಚಳಿಯನ್ನು ವಿಜಯಪುರದ ಚಳಿಯಿಂದ ಅಳೆಯುವುದೂ ಒಂದು ಪ್ರಮಾದವೇ.

ತತ್ಕಾರಣ ಈ ಹಬ್ಬ ಸುಳ್ಳೆಂದು ಹೇಳುವವರು ಹಬ್ಬವನ್ನು ಜನನದ ದಾಖಲೆಯೆಂದು ಭ್ರಮಿಸಿದ್ದಾರೆ. ನಮ್ಮ ಸೀಮೆಯಲ್ಲಿಯೇ ಇದಕ್ಕೆ ಸಮಾನವಾದ ಉದಾಹರಣೆಯುಂಟು. ಬಸವೇಶ್ವರರು ಹುಟ್ಟಿದ ವರ್ಷದ ವಿಷಯದಲ್ಲಿ ಸಂಶೋಧಕರಲ್ಲಿ ಏಕಾಭಿಪ್ರಾಯವಿಲ್ಲ. ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ೧೯೧೩ರಲ್ಲಿ ದಾವಣಗೆರೆಯಲ್ಲಿ ಪ್ರಾರಂಭಿಸಿದವರು, ಮುಂದೆ ಆಲಮಟ್ಟಿಯಲ್ಲಿ ನೆಲೆಸಿದ ಹರ್ಡೇಕರ ಮಂಜಪ್ಪನವರು. ಎಂಟು ಶತಮಾನಗಳ ಅನಂತರ ಪ್ರಾರಂಭವಾದುದರಿಂದ ಆ ಜಯಂತಿಯನ್ನು ಬಾಗೇವಾಡಿಯಲ್ಲಿ ಯಾರೂ ಅಸತ್ಯವೆನ್ನುವುದಿಲ್ಲ. ಅಕ್ಟೋಬರ್ ೨ರ ಗಾಂಧಿ ಜಯಂತಿಗೆ ದಾಖಲೆಯ ಬಲವುಂಟು. ಆದರೆ ಅಂದು ಗಾಂಧಿ ಚೌಕದಲ್ಲಿ ಹಾರ ಹಾಕುವವರು ಆ ದಾಖಲೆಯ ಬಲದಿಂದ ಹಾಕುವುದಿಲ್ಲ. ಸ್ಮರಣೆಯ ಸತ್ಯವು ಮೊದಲು ಹೇಳಿದ ‘ಎಮೆತ್’ನ ಜಾತಿಗೆ ಸೇರಿದುದು. ಸ್ಮರಿಸುವವನು ಸ್ಮೃತನಿಗೆ ನಿಷ್ಠನಾಗಿರುವನೋ ಇಲ್ಲವೋ ಎಂಬುದು ಅದರ ಒರೆಗಲ್ಲು. ಆದರೆ ಇದನ್ನೇ ನೆಪವಾಗಿಟ್ಟುಕೊಂಡು, ಯೇಸು ಹುಟ್ಟಿದ್ದು ಡಿಸೆಂಬರ್ ೨೫ರಂದೇ ಎಂದು ಪಾಠಶಾಲೆಯಲ್ಲಿ ಬೋಧಿಸುವುದು ಸರಿಯಲ್ಲ. ಅದು ಇತಿಹಾಸದ ಹೇಳಿಕೆಯಾಗುತ್ತದೆ. ಇತಿಹಾಸದ ಪ್ರಮಾಣಗಳಿಗೆ ಒಳಪಡಬೇಕಾಗುತ್ತದೆ. ಆ ಪರೀಕ್ಷೆಯಲ್ಲಿ ಅದು ನಿಲ್ಲದು.

ಈ ಹಬ್ಬದ ಹೆಸರುಗಳೂ ವಿಚಾರಾರ್ಹವಾದುವು. ‘ಕ್ರಿಸ್ಮಸ್’ ಎಂಬುದು ಕ್ರಿಸ್ತನ ಹೆಸರಿನ ಬಲಿಪೂಜೆಯನ್ನು ಸೂಚಿಸುತ್ತದೆ. ಆ ಪೂಜೆಯನ್ನು ಒಪ್ಪದ ಪ್ರೊಟೆಸ್ಟಂಟರೂ ಹೆಸರನ್ನು ಬಿಡಲಿಲ್ಲ. ಮರಾಠಿ, ಕೊಂಕಣಿಗಳಿಂದ ಗಡಿನಾಡಿನ ಬಾಯಿಗೆ ಬಂದ ‘ನಾತಾಳ’ವು ಜನನವೆಂಬ ಅರ್ಥದ ಪೋರ್ತುಗೀಸ್ ಶಬ್ದ. ೧೫೧೦ರಲ್ಲಿ ವಿಜಯಪುರದ ಆದಿಲಶಾಹಿಯು ಗೋವೆಯನ್ನು ಕಳೆದುಕೊಂಡಿತು. ಅಲ್ಲಿಂದ ಹೊರಟ ಶಬ್ದವು ಸೂಟಿಯ ಹೆಸರಾಗಿ ಈ ಕಡೆಗೆ ಬಂದುದು ಇತಿಹಾಸದ ವಿನೋದ. ‘ಕ್ರಿಸ್ತಜಯಂತಿ’ಯು ಅವನನ್ನು ಮಹಾಪುರುಷರ ಸಾಲಿನಲ್ಲಿ ಕೂಡ್ರಿಸುತ್ತದೆ, ಅದು ಕೆಲವರಿಗೆ ಗೌರವವೆನಿಸಿದರೆ ಶ್ರದ್ಧಾವಂತ ಕ್ರೈಸ್ತನಿಗೆ ಅಪೂರ್ಣವೆನಿಸುವುದು ಸಹಜ.

ಪಾಠಶೋಧನೆಯ ದೃಷ್ಟಿಯಿಂದ ಒಂದು ಉದಾಹರಣೆಯನ್ನು ಕೊಡಬೇಕು. ಕ್ರಿಸ್ಮಸ್ ರಾತ್ರಿ ಎಲ್ಲ ಸಭೆಗಳಲ್ಲಿ ಓದಲ್ಪಡುವ ದೇವದೂತರ ಸ್ತೋತ್ರದಲ್ಲಿ, ಲೂಕನ ಎರಡನೆಯ ಅಧ್ಯಾಯದಲ್ಲಿ, ಒಂದು ಗ್ರೀಕ್ ಅಕ್ಷರದ ಪಾಠಾಂತರವಿದೆ. ‘ಯುದೊಕಿಯ’ ಎಂದರೆ ಮನುಷ್ಯರಲ್ಲಿ ದಯೆ ಎಂದು ಪ್ರತ್ಯೇಕ ವಾಕ್ಯವಾಗುತ್ತದೆ. ‘ಯುದೊಕಿಯಸ್’ ಎಂದು ಷಷ್ಠಿಯಲ್ಲಿ ಓದಿದರೆ ದೇವರ ಮೆಚ್ಚಿಗೆಗೆ ಪಾತ್ರರಾದವರಿಗೆ ಶಾಂತಿ ಎಂದಾಗುತ್ತದೆ. ನಾಲ್ಕನೆಯ ಶತಮಾನದ ವ್ಯಾಟಿಕನ್, ಸಿನಾಯ್ ಪ್ರತಿಗಳ ಮೂಲ ಲಿಪಿಕಾರರ ಕೈಯಲ್ಲಿ ಷಷ್ಠೀಪಾಠವೇ ಇದೆ. ಈಗಿನ ಕನ್ನಡ ಪಾಠವೂ ಅದನ್ನೇ ಅನುಸರಿಸಿದೆ. ಒಂದು ಅಕ್ಷರದಿಂದ ಶಾಂತಿಯ ವ್ಯಾಪ್ತಿ ಬದಲಾಗುವಲ್ಲಿ, ಅಕ್ಷರಾಕ್ಷರ ಪ್ರಾಮಾಣ್ಯವೆಂದರೆ ಯಾವ ಅಕ್ಷರದ ಪ್ರಾಮಾಣ್ಯವೆಂದು ಕೇಳಲೇಬೇಕಾಗುತ್ತದೆ. ಇದೇ ವಿಜಯಪುರದಲ್ಲಿ ವಕೀಲಿ ಮಾಡುತ್ತ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನೂ ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನೂ ಹೊರತಂದಾಗ, ಶ್ರದ್ಧೆಯ ಗ್ರಂಥವೂ ಪ್ರತಿಗಳ ಪರೀಕ್ಷೆಗೆ ಒಳಗಾಗಬಲ್ಲುದೆಂಬ ಮಾದರಿ ಕನ್ನಡಕ್ಕೆ ಸಿಕ್ಕಿತು. ಕ್ರೈಸ್ತರಲ್ಲಿ ಆ ಮಾದರಿಯನ್ನು ಹಿಡಿದವರು ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಪ್ರಮಾಣಗಳಿಂದ ವಿಚಾರಿಸಿ, ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರು ಶರಣರ ಪರಂಪರೆಗೆ ತೋರಿದ ಐತಿಹಾಸಿಕ ದೃಷ್ಟಿಯನ್ನು ಕನ್ನಡದ ಕ್ರೈಸ್ತ ಲೇಖಕರು ತಮ್ಮ ಹಬ್ಬಗಳ ವಿಷಯದಲ್ಲಿ ಇನ್ನೂ ಸಾಕಷ್ಟು ತೋರಿಲ್ಲವೆಂದೇ ಹೇಳಬೇಕಾಗಿದೆ.

ಶಬ್ದದ ವಿಷಯಕ್ಕೆ ಮರಳಿದರೆ, ಮುಂದಿನ ಪರಿಷ್ಕರಣಕಾರರು ‘ಜಾತ್ರೆ’ಯನ್ನು ಯಾವ ಕಾರಣಕ್ಕೂ ಬಿಡಬಾರದೆಂದೂ ‘ಅಮಾವಾಸ್ಯೆ’ಯನ್ನು ಉಳಿಸಿಕೊಳ್ಳಬಾರದೆಂದೂ ನಮ್ಮ ಸೂಚನೆ. ಬದಲಿ ಶಬ್ದಕ್ಕಾಗಿ ದೂರ ಹೋಗಬೇಕಾಗಿಲ್ಲ. ‘ಚಂದ್ರದರ್ಶನ’ವೆಂಬ ಮಾತನ್ನು ನಮ್ಮ ಪಂಚಾಂಗಗಳೇ ಅಮಾವಾಸ್ಯೆಯ ಮುಂದಿನ
ದಿನಗಳಲ್ಲಿ ಅಚ್ಚು ಹಾಕುತ್ತವೆ. ಸಮುವೇಲನ ಗ್ರಂಥದಲ್ಲಿಯೂ ಯೆಶಾಯನಲ್ಲಿಯೂ ಕೀರ್ತನೆಗಳಲ್ಲಿಯೂ ಅದು ಮೂಲಕ್ಕೆ ಚೆನ್ನಾಗಿ ಹೊಂದುತ್ತದೆ. ಕೊಲೊಸ್ಸೆಯ ಪತ್ರಿಕೆಯಲ್ಲಿ ಅದೇ ಶಬ್ದವನ್ನಿಟ್ಟಾಗ ಬಬಲೇಶ್ವರದ ಒಕ್ಕಲಿಗನು ತನ್ನದೆಂದು ತಿಳಿದಿದ್ದ ಒಂದು ವಾಕ್ಯವನ್ನು ಕಳೆದುಕೊಳ್ಳುತ್ತಾನೆ. ಅವನಿಗೆ ಕೊರಿಂಥದ ಪತ್ರಿಕೆಯ ಹತ್ತನೆಯ ಅಧ್ಯಾಯವನ್ನು ತೆರೆದು ತೋರಿಸುವ ಹೊಣೆ ಭಾಷಾಂತರಕಾರನದಲ್ಲ, ವ್ಯಾಖ್ಯಾನಕಾರನದು.